ಮನೆಯ ತಾರಸಿಯ ಮೇಲೆ ಸೌರ ವಿದ್ಯುತ್ ಘಟಕ: ಅರ್ಜಿ ಸಲ್ಲಿಸುವ ಗ್ರಾಹಕರಿಗೆ ಮಾಹಿತಿ

ಗೃಹಬಳಕೆಯ ವಿದ್ಯುತ್ ಸಂಪರ್ಕವುಳ್ಳ ಗ್ರಾಹಕರು ತಮ್ಮ ಕಟ್ಟಡದ ಮೇಲ್ಛಾವಣಿಯಲ್ಲಿ ಸೌರ ಫಲಕಗಳನ್ನು ಅಳವಡಿಸಿಕೊಂಡು, ಉತ್ಪಾದನೆಯಾದ ವಿದ್ಯುತ್ತನ್ನು ಮನೆಯಲ್ಲಿ ಬಳಸಿ, ಉಳಿದುದನ್ನು ವಿದ್ಯುತ್ ಸರಬರಾಜು ಕಂಪನಿಯ ಜಾಲಕ್ಕೆ ನೀಡಲು ಅವಕಾಶವಿರುತ್ತದೆ. ಅರ್ಜಿ ಸಲ್ಲಿಸುವುದಕ್ಕೆ ಮುಂಚೆ ಪರಿಶೀಲಿಸಬೇಕಾದ ವಿಷಯಗಳು, ಕಾಮಗಾರಿಯ ದಿನಗಳಲ್ಲಿ ನಡೆಯುವ ಕೆಲಸಗಳು ಮತ್ತು ಘಟಕ ಚಾಲನೆಗೊಂಡ ನಂತರ ಬರುವ ಬಿಲ್ಲಿನ ಸ್ವರೂಪವನ್ನು ಇಲ್ಲಿ ವಿವರಿಸಲಾಗಿದೆ. ಫಲಕಗಳನ್ನು ಕೂರಿಸುವ ಕೆಲಸವು ಎರಡು ಮೂರು ದಿನಗಳಲ್ಲಿ ಮುಗಿಯುತ್ತದೆ. ಗ್ರಾಹಕರಿಗೆ ತೊಂದರೆಯಾಗುವುದು ಬಹುಮಟ್ಟಿಗೆ ಅದಕ್ಕೆ ಹಿಂದಿನ ಮತ್ತು ಮುಂದಿನ ದಿನಗಳಲ್ಲಿ. ಆದುದರಿಂದ ಆ ಭಾಗಗಳನ್ನು ಹೆಚ್ಚು ವಿವರವಾಗಿ ನೀಡಲಾಗಿದೆ.

ಯಾವ ಘಟಕದ ಬಗ್ಗೆ ಈ ಮಾಹಿತಿ

ನಮ್ಮ ರಾಜ್ಯದಲ್ಲಿ 'ಸೋಲಾರ್' ಎಂದೊಡನೆ ಸ್ನಾನದ ನೀರು ಕಾಯಿಸುವ ಉಪಕರಣವೇ ನೆನಪಿಗೆ ಬರುವುದು ಸಹಜ. ಸೌರ ಜಲತಾಪಕವು ಬಿಸಿಲಿನ ಶಾಖವನ್ನು ನೀರಿಗೆ ವರ್ಗಾಯಿಸುತ್ತದೆ. ಅದರಿಂದ ವಿದ್ಯುತ್ ಉತ್ಪಾದನೆಯಾಗುವುದಿಲ್ಲ. ಈ ಮಾಹಿತಿಯು ಬೆಳಕಿನಿಂದ ನೇರವಾಗಿ ವಿದ್ಯುತ್ ಉತ್ಪಾದಿಸುವ ಫಲಕಗಳಿಗೆ ಸಂಬಂಧಿಸಿದ್ದಾಗಿದೆ. ಫಲಕಗಳಲ್ಲಿ ಉತ್ಪತ್ತಿಯಾಗುವ ಏಕಮುಖ ವಿದ್ಯುತ್ತನ್ನು ಇನ್ವರ್ಟರ್ ಎಂಬ ಯಂತ್ರವು ಮನೆಯಲ್ಲಿ ಬಳಸುವ ಪರ್ಯಾಯ ವಿದ್ಯುತ್ತನ್ನಾಗಿ ಪರಿವರ್ತಿಸುತ್ತದೆ. ಸರಬರಾಜು ಕಂಪನಿಯ ಜಾಲದೊಂದಿಗೆ ಸಂಪರ್ಕ ಹೊಂದಿ ಕೆಲಸ ಮಾಡುವುದರಿಂದ ಇದಕ್ಕೆ ಜಾಲ ಸಂಪರ್ಕಿತ ಘಟಕವೆಂದು ಹೆಸರು. ಮನೆಯಲ್ಲಿ ಈಗಾಗಲೇ ಸೌರ ಜಲತಾಪಕವಿದ್ದರೆ ಅದನ್ನು ತೆಗೆಯಬೇಕಾಗಿಲ್ಲ. ಅದರ ನೆರಳು ಫಲಕಗಳ ಮೇಲೆ ಬೀಳದಂತೆ ನೋಡಿಕೊಂಡರೆ ಸಾಕು.

ಮೀಟರ್ ಯಾರ ಹೆಸರಿನಲ್ಲಿದೆ

ಅರ್ಜಿ ಸಲ್ಲಿಸುವ ಮೊದಲು ಕಳೆದ ತಿಂಗಳ ವಿದ್ಯುತ್ ಬಿಲ್ಲನ್ನು ಕೈಗೆತ್ತಿಕೊಂಡು ಅದರಲ್ಲಿ ಮುದ್ರಿತವಾಗಿರುವ ಹೆಸರನ್ನು ನೋಡತಕ್ಕದ್ದು. ಅನೇಕ ಮನೆಗಳಲ್ಲಿ ಆರ್.ಆರ್. ಸಂಖ್ಯೆಯು ತೀರಿಕೊಂಡ ತಂದೆಯ ಅಥವಾ ಅಜ್ಜನ ಹೆಸರಿನಲ್ಲಿಯೇ ಮುಂದುವರಿದಿರುತ್ತದೆ. ಜಮೀನಿನ ಪೌತಿ ಖಾತೆ ಆಗಿದ್ದರೂ ಮೀಟರಿನ ಹೆಸರು ಬದಲಾಗಿರುವುದಿಲ್ಲ. ಬಿಲ್ ಕಟ್ಟುವುದಕ್ಕೆ ಇದರಿಂದ ಅಡ್ಡಿಯಿಲ್ಲದ ಕಾರಣ ಯಾರೂ ಗಮನಿಸುವುದೂ ಇಲ್ಲ. ಆದರೆ ಸೌರ ಘಟಕದ ಅರ್ಜಿ, ಕಂಪನಿಯೊಂದಿಗಿನ ಒಪ್ಪಂದ ಮತ್ತು ಸಹಾಯಧನ ಜಮೆಯಾಗುವ ಬ್ಯಾಂಕ್ ಖಾತೆ, ಈ ಮೂರೂ ಸಂಪರ್ಕದ ನೋಂದಾಯಿತ ಗ್ರಾಹಕರಿಗೆ ಸಂಬಂಧಿಸಿದವಾಗಿವೆ. ಹೆಸರು ಹೊಂದಾಣಿಕೆಯಾಗದಿದ್ದಲ್ಲಿ ಫಲಕಗಳು ತಾರಸಿಯ ಮೇಲೆ ಕುಳಿತ ನಂತರವೂ ಕಡತ ನಿಂತುಹೋಗುವ ಸಂಭವವಿರುತ್ತದೆ.

ಆದ್ದರಿಂದ ಹೆಸರು ಬದಲಾವಣೆಯ ಅಗತ್ಯವಿರುವವರು ಮೊದಲು ಆ ಕೆಲಸವನ್ನು ತಮ್ಮ ಉಪವಿಭಾಗ ಕಚೇರಿಯಲ್ಲಿ ಮುಗಿಸಿಕೊಂಡು, ಹೊಸ ಹೆಸರಿನಲ್ಲಿ ಒಂದು ಬಿಲ್ ಬಂದ ಮೇಲೆ ಸೌರ ಘಟಕಕ್ಕೆ ಅರ್ಜಿ ಸಲ್ಲಿಸುವುದು ಸೂಕ್ತ. ಆಧಾರ್, ಬ್ಯಾಂಕ್ ಪಾಸ್ ಪುಸ್ತಕ ಮತ್ತು ವಿದ್ಯುತ್ ಬಿಲ್ಲಿನಲ್ಲಿ ಹೆಸರಿನ ಮುಂದಿನ ಇನಿಷಿಯಲ್‌ಗಳಲ್ಲಿ ವ್ಯತ್ಯಾಸವಿದ್ದರೆ ಅದನ್ನೂ ಈ ಹಂತದಲ್ಲಿಯೇ ಸರಿಪಡಿಸಿಕೊಳ್ಳಬೇಕು. ಬಾಕಿ ಇರುವ ಬಿಲ್ ಪಾವತಿಸಿರಬೇಕು.

ಬಾಡಿಗೆದಾರರು ಮಾಲೀಕರ ಮೂಲಕವೇ ಮುಂದುವರಿಯಬೇಕಾಗುತ್ತದೆ. ವಸತಿ ಸಮುಚ್ಚಯಗಳಲ್ಲಿ ತಾರಸಿಯು ಎಲ್ಲರಿಗೂ ಸೇರಿದ ಆಸ್ತಿಯಾಗಿರುವುದರಿಂದ ನಿವಾಸಿಗಳ ಸಂಘದ ನಿರ್ಣಯ ಅವಶ್ಯಕ. ಲಿಫ್ಟ್, ನೀರಿನ ಪಂಪು ಮತ್ತು ಮೆಟ್ಟಿಲುದೀಪಗಳಂಥ ಸಾಮಾನ್ಯ ಸೌಲಭ್ಯಗಳಿಗಾಗಿ ಸಂಘದ ಹೆಸರಿನಲ್ಲಿಯೇ ಘಟಕ ಅಳವಡಿಸಲು ಪ್ರತ್ಯೇಕ ಸಹಾಯಧನವಿದೆ.

ಎಷ್ಟು ಕಿಲೋವ್ಯಾಟ್ ಘಟಕ ಬೇಕು

ನಮ್ಮ ರಾಜ್ಯದ ಬಿಸಿಲಿನಲ್ಲಿ 1 ಕಿಲೋವ್ಯಾಟ್ ಸಾಮರ್ಥ್ಯದ ಘಟಕವು ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ವಿದ್ಯುತ್ ನೀಡುತ್ತದೆ. ಅಂದರೆ ತಿಂಗಳಿಗೆ ಸುಮಾರು 120 ಯೂನಿಟ್. ಇದು ಸರಾಸರಿ ಮಾತ್ರ. ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಇದಕ್ಕಿಂತ ಹೆಚ್ಚು ದೊರೆಯುತ್ತದೆ; ಕರಾವಳಿ ಮತ್ತು ಮಲೆನಾಡಿನಲ್ಲಿ ಜೂನ್, ಜುಲೈ ತಿಂಗಳ ಮಳೆ ಹಿಡಿದ ದಿನಗಳಲ್ಲಿ ಬಹಳ ಕಡಿಮೆಯಾಗುತ್ತದೆ. ಬಿಸಿಲು ಹೆಚ್ಚಾದಷ್ಟೂ ವಿದ್ಯುತ್ ಹೆಚ್ಚು ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಫಲಕಕ್ಕೆ ಬೇಕಾದದ್ದು ಬೆಳಕು; ಅತಿಯಾದ ಕಾವಿನಲ್ಲಿ ಅದರ ಉತ್ಪಾದನೆ ತುಸು ಇಳಿಯುತ್ತದೆ. ಕಲಬುರಗಿ, ರಾಯಚೂರಿನ ಮೇ ತಿಂಗಳ ಮಧ್ಯಾಹ್ನದಲ್ಲಿ ನಿರೀಕ್ಷೆಗಿಂತ ಕಡಿಮೆ ಅಂಕಿ ಕಂಡುಬಂದರೆ ಅದು ಯಂತ್ರದ ದೋಷವೆಂದು ಭಾವಿಸಬೇಕಾಗಿಲ್ಲ.

ಗ್ರಾಹಕರು ಕಳೆದ ಹನ್ನೆರಡು ತಿಂಗಳ ಬಿಲ್ಲುಗಳಲ್ಲಿನ ಯೂನಿಟ್‌ಗಳನ್ನು ಕೂಡಿ, ಹನ್ನೆರಡರಿಂದ ಭಾಗಿಸಿ, ಬಂದ ಸಂಖ್ಯೆಯನ್ನು 120ರಿಂದ ಭಾಗಿಸಿದರೆ ಅಗತ್ಯವಿರುವ ಸಾಮರ್ಥ್ಯದ ಅಂದಾಜು ದೊರೆಯುತ್ತದೆ. ತಿಂಗಳಿಗೆ 240 ಯೂನಿಟ್ ಬಳಸುವ ಮನೆಗೆ 2 ಕಿಲೋವ್ಯಾಟ್ ಸಾಕು. ಇದಕ್ಕಿಂತ ದೊಡ್ಡ ಘಟಕವನ್ನು ಹಾಕಿಸಿ ಹೆಚ್ಚುವರಿ ವಿದ್ಯುತ್ ಮಾರಾಟದಿಂದ ಆದಾಯ ಪಡೆಯುವ ಯೋಚನೆಯಿದ್ದವರು ಮುಂದೆ ಬಿಲ್ಲಿನ ಕುರಿತು ಹೇಳಿರುವುದನ್ನು ಓದಿ ನಿರ್ಧರಿಸತಕ್ಕದ್ದು.

ಗೃಹಜ್ಯೋತಿ ಯೋಜನೆಯ ಫಲಾನುಭವಿಗಳು ಇನ್ನೂ ಒಂದು ವಿಷಯವನ್ನು ಪರಿಗಣಿಸಬೇಕು. 2023ರಲ್ಲಿ ಜಾರಿಗೆ ಬಂದ ಈ ರಾಜ್ಯ ಯೋಜನೆಯಲ್ಲಿ 2022-23ನೇ ಸಾಲಿನ ಸರಾಸರಿ ಬಳಕೆಯ ಆಧಾರದ ಮೇಲೆ ಗರಿಷ್ಠ 200 ಯೂನಿಟ್‌ವರೆಗೆ ಉಚಿತ ವಿದ್ಯುತ್ ನಿಗದಿಯಾಗಿರುತ್ತದೆ. ಶೂನ್ಯ ಬಿಲ್ ಬರುತ್ತಿರುವ ಮನೆಯಲ್ಲಿ ಸೌರ ಘಟಕದಿಂದ ಉಳಿತಾಯವಾಗಲು ಬಿಲ್ಲೇ ಇರುವುದಿಲ್ಲ. ಅಂಥ ಕುಟುಂಬವು ಸಾಲ ಮಾಡಿ ಘಟಕ ಹಾಕಿಸುವ ಮುನ್ನ, ತಮ್ಮ ಸಂಪರ್ಕಕ್ಕೆ ಘಟಕದ ನಂತರ ಬಿಲ್ಲಿನ ಲೆಕ್ಕ ಹೇಗೆ ಆಗುವುದೆಂದು ಉಪವಿಭಾಗದಿಂದ ಲಿಖಿತವಾಗಿ ಕೇಳಿ ಪಡೆಯುವುದು ಒಳ್ಳೆಯದು. ತಿಂಗಳಿಗೆ 200 ಯೂನಿಟ್ ಮೀರಿ ಪೂರ್ಣ ಬಿಲ್ ಕಟ್ಟುತ್ತಿರುವ ಮನೆಗಳಿಗೆ ಘಟಕದ ಪ್ರಯೋಜನ ಸ್ಪಷ್ಟವಾಗಿರುತ್ತದೆ.

ತಾರಸಿ ಮತ್ತು ನೆರಳು

1 ಕಿಲೋವ್ಯಾಟ್‌ಗೆ ಸುಮಾರು 10 ಚದರ ಮೀಟರ್, ಅಂದರೆ ನೂರು ಚದರ ಅಡಿಗಿಂತ ಸ್ವಲ್ಪ ಹೆಚ್ಚು ನೆರಳಿಲ್ಲದ ಜಾಗ ಬೇಕೆಂದು ಲೆಕ್ಕ ಹಾಕುವುದು ರೂಢಿ. ಈಗಿನ ದೊಡ್ಡ ಫಲಕಗಳಿಗೆ ಇದಕ್ಕಿಂತ ಕಡಿಮೆ ಸಾಕಾದರೂ, ನಡುವೆ ಓಡಾಡಿ ಸ್ವಚ್ಛಗೊಳಿಸಲು ದಾರಿ ಬಿಡುವುದು ಅವಶ್ಯಕ. ಫಲಕಗಳನ್ನು ದಕ್ಷಿಣಕ್ಕೆ ಮುಖ ಮಾಡಿ 10ರಿಂದ 15 ಡಿಗ್ರಿಯಷ್ಟು ಓರೆಯಾಗಿ ಕೂರಿಸಲಾಗುತ್ತದೆ.

ನೆರಳಿನ ಪರಿಶೀಲನೆಯಲ್ಲಿ ಆಗುವ ತಪ್ಪು ಇಪ್ಪತ್ತೈದು ವರ್ಷ ಉಳಿಯುತ್ತದೆ. ಫಲಕಗಳನ್ನು ಸರಪಳಿಯಂತೆ ಒಂದಕ್ಕೊಂದು ಜೋಡಿಸಿರುವುದರಿಂದ ಒಂದು ಫಲಕದ ಅರ್ಧ ಭಾಗಕ್ಕೆ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆಗೆ ಧಕ್ಕೆಯಾಗುತ್ತದೆ. ಏಜೆನ್ಸಿಯವರು ಸ್ಥಳ ನೋಡಲು ಬೇಸಿಗೆಯಲ್ಲಿ ಬಂದಾಗ ತಾರಸಿ ತುಂಬ ಬಿಸಿಲಿರುತ್ತದೆ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯಭಾಗದವರೆಗೆ ಬೆಂಗಳೂರಿನಲ್ಲಿ ಮಧ್ಯಾಹ್ನದ ಸೂರ್ಯನು ನೆತ್ತಿಯಿಂದ ತುಸು ಉತ್ತರಕ್ಕೇ ಇರುವುದರಿಂದ ದಕ್ಷಿಣದ ವಸ್ತುಗಳ ನೆರಳು ಫಲಕಗಳತ್ತ ಬರುವುದಿಲ್ಲ. ಡಿಸೆಂಬರ್‌ನಲ್ಲಿ ಸ್ಥಿತಿ ಬೇರೆ. ಆಗ ಸೂರ್ಯನು ದಕ್ಷಿಣಕ್ಕೆ ಬಾಗಿರುತ್ತಾನೆ. ಎರಡು ಮೀಟರ್ ಎತ್ತರದ ನೀರಿನ ಟ್ಯಾಂಕ್ ಮಧ್ಯಾಹ್ನದ ವೇಳೆಗೇ ಉತ್ತರದ ಕಡೆ ಸುಮಾರು ಒಂದೂವರೆ ಮೀಟರ್ ನೆರಳು ಚೆಲ್ಲುತ್ತದೆ, ಬೆಳಿಗ್ಗೆ ಮತ್ತು ಸಂಜೆ ಅದು ಇನ್ನೂ ಉದ್ದವಾಗಿರುತ್ತದೆ. ಆದ ಕಾರಣ ಟ್ಯಾಂಕ್, ಮೆಟ್ಟಿಲ ಕೋಣೆ, ಜಲತಾಪಕ, ತೆಂಗಿನ ಮರ ಮತ್ತು ಮೊಬೈಲ್ ಗೋಪುರಗಳು ಫಲಕಗಳ ದಕ್ಷಿಣಕ್ಕೆ ಇರುವುದೇ ಎಂಬುದನ್ನು ಮುಖ್ಯವಾಗಿ ನೋಡಬೇಕು. ಸಾಧ್ಯವಿದ್ದವರು ಡಿಸೆಂಬರ್ ಅಥವಾ ಜನವರಿಯ ಒಂದು ದಿನ ಬೆಳಿಗ್ಗೆ 9, ಮಧ್ಯಾಹ್ನ 12 ಮತ್ತು ಸಂಜೆ 3 ಗಂಟೆಗೆ ತಾರಸಿಯ ಮೇಲೆ ಸೀಮೆಸುಣ್ಣದಿಂದ ನೆರಳಿನ ಗಡಿಯನ್ನು ಗುರುತಿಸಿಕೊಂಡರೆ ಅದಕ್ಕಿಂತ ಒಳ್ಳೆಯ ನಕ್ಷೆ ಬೇರೆ ಬೇಕಾಗಿಲ್ಲ. ಪಕ್ಕದ ಖಾಲಿ ನಿವೇಶನದಲ್ಲಿ ನಾಳೆ ಮಹಡಿ ಏಳಬಹುದೆಂಬುದೂ ಲೆಕ್ಕದಲ್ಲಿರಬೇಕು. ಮೇಲೆ ಇನ್ನೊಂದು ಅಂತಸ್ತು ಕಟ್ಟುವ ಉದ್ದೇಶ ಸ್ವಂತದ್ದೇ ಇದ್ದರೆ ಅದನ್ನು ಮುಗಿಸಿಕೊಂಡ ಮೇಲೆ ಅರ್ಜಿ ಸಲ್ಲಿಸುವುದು ಲೇಸು.

ಸುಸ್ಥಿತಿಯಲ್ಲಿರುವ ಆರ್.ಸಿ.ಸಿ. ತಾರಸಿಗೆ ಫಲಕಗಳ ಭಾರ ಹೊರೆಯಲ್ಲ. ಗಾಳಿಯೇ ದೊಡ್ಡ ಶತ್ರು. ಏಪ್ರಿಲ್, ಮೇ ತಿಂಗಳ ಮುಂಗಾರು ಪೂರ್ವ ಮಳೆಗೆ ಮುನ್ನ ಬೀಸುವ ಬಿರುಗಾಳಿ ಓರೆಯಾಗಿ ನಿಂತ ಫಲಕವನ್ನು ಕೆಳಗಿನಿಂದ ಎತ್ತುತ್ತದೆ. ಫಲಕಗಳ ಕೆಳಗೆ ಬಟ್ಟೆ ಒಣಗಿಸಲು, ಕುಳಿತುಕೊಳ್ಳಲು ಜಾಗವಾಗಲೆಂದು ಎತ್ತರದ ಚೌಕಟ್ಟು ಕಟ್ಟಿಸುವವರು ಕಂಬಗಳ ದಪ್ಪ ಮತ್ತು ತಳಪಾಯದಲ್ಲಿ ಉಳಿತಾಯ ಮಾಡಬಾರದು. ಮಂಗಳೂರು ಹೆಂಚಿನ ಮನೆಗಳಲ್ಲಿ ಹೆಂಚಿನ ಮೇಲೆ ಭಾರ ಹಾಕದೆ ಕೆಳಗಿನ ಮರದ ಅಥವಾ ಕಬ್ಬಿಣದ ತೊಲೆಗಳಿಗೆ ಚೌಕಟ್ಟನ್ನು ಬಿಗಿಯಬೇಕಾಗುತ್ತದೆ. ಹಳೆಯ ತೊಲೆಗಳಿದ್ದಲ್ಲಿ ಬಡಗಿ ಅಥವಾ ಇಂಜಿನಿಯರ್ ಒಬ್ಬರಿಂದ ಮೊದಲು ಪರೀಕ್ಷೆ ಮಾಡಿಸತಕ್ಕದ್ದು. ತಾರಸಿಯಲ್ಲಿ ಈಗಾಗಲೇ ಸೋರಿಕೆ ಇದ್ದರೆ ಅದರ ದುರಸ್ತಿ ಮೊದಲು, ಫಲಕ ನಂತರ.

ಸಹಾಯಧನ

ಭಾರತ ಸರ್ಕಾರವು 2024ರ ಫೆಬ್ರವರಿಯಲ್ಲಿ ಪ್ರಾರಂಭಿಸಿದ ಪಿ.ಎಂ. ಸೂರ್ಯ ಘರ್ ಮುಫ್ತ್ ಬಿಜ್ಲಿ ಯೋಜನೆಯು 2026-27ನೇ ಆರ್ಥಿಕ ವರ್ಷದವರೆಗೆ ಮಂಜೂರಾಗಿರುತ್ತದೆ. ಇದರಡಿ ಗೃಹಬಳಕೆಯ ಗ್ರಾಹಕರಿಗೆ ಮೊದಲ 2 ಕಿಲೋವ್ಯಾಟ್‌ವರೆಗೆ ಪ್ರತಿ ಕಿಲೋವ್ಯಾಟ್‌ಗೆ ರೂ. 30,000, ಮೂರನೆಯ ಕಿಲೋವ್ಯಾಟ್‌ಗೆ ರೂ. 18,000 ಸಹಾಯಧನವಿದೆ. ಹೀಗೆ 1 ಕಿಲೋವ್ಯಾಟ್‌ಗೆ 30,000, 2 ಕಿಲೋವ್ಯಾಟ್‌ಗೆ 60,000, 3 ಕಿಲೋವ್ಯಾಟ್‌ಗೆ 78,000 ರೂಪಾಯಿ ದೊರೆಯುತ್ತದೆ. 5 ಅಥವಾ 10 ಕಿಲೋವ್ಯಾಟ್ ಹಾಕಿಸಿದರೂ ಮೊತ್ತ 78,000 ರೂಪಾಯಿಯೇ. ವಸತಿ ಸಂಘಗಳ ಸಾಮಾನ್ಯ ಸೌಲಭ್ಯಗಳಿಗೆ ಪ್ರತಿ ಕಿಲೋವ್ಯಾಟ್‌ಗೆ ರೂ. 18,000ರಂತೆ, ಮನೆಯೊಂದಕ್ಕೆ 3 ಕಿಲೋವ್ಯಾಟ್ ಲೆಕ್ಕದಲ್ಲಿ, ಗರಿಷ್ಠ 500 ಕಿಲೋವ್ಯಾಟ್‌ವರೆಗೆ ನೀಡಲಾಗುತ್ತದೆ.

ಯೋಜನೆಯ ಹೆಸರಿನಲ್ಲಿರುವ 'ಉಚಿತ ವಿದ್ಯುತ್' ಎಂಬ ಮಾತು ಕೆಲವರಲ್ಲಿ ತಪ್ಪು ತಿಳುವಳಿಕೆ ಮೂಡಿಸಿದೆ. ಸರ್ಕಾರವು 300 ಯೂನಿಟ್ ವಿದ್ಯುತ್ತನ್ನು ಮನೆಗೆ ಉಚಿತವಾಗಿ ಕಳುಹಿಸುವುದಿಲ್ಲ. 3 ಕಿಲೋವ್ಯಾಟ್ ಘಟಕವು ತಿಂಗಳಿಗೆ 300 ಯೂನಿಟ್‌ಗಿಂತ ಹೆಚ್ಚು ಉತ್ಪಾದಿಸಬಲ್ಲದೆಂಬುದೇ ಆ ಮಾತಿನ ಅರ್ಥ. ಘಟಕದ ಬೆಲೆಯಲ್ಲಿ ಗ್ರಾಹಕರ ಪಾಲು ಇದ್ದೇ ಇರುತ್ತದೆ. ಅಲ್ಲದೆ ಸಹಾಯಧನವು ಘಟಕ ಚಾಲನೆಗೊಂಡ ನಂತರ ಗ್ರಾಹಕರ ಬ್ಯಾಂಕ್ ಖಾತೆಗೆ ಜಮೆಯಾಗುವುದರಿಂದ ಅದುವರೆಗಿನ ಪೂರ್ಣ ವೆಚ್ಚವನ್ನು ಹೊಂದಿಸಿಕೊಳ್ಳಬೇಕಾಗುತ್ತದೆ. ಇದಕ್ಕಾಗಿ ಸಾರ್ವಜನಿಕ ವಲಯದ ಬ್ಯಾಂಕುಗಳಲ್ಲಿ ಅಡಮಾನವಿಲ್ಲದ ಸಾಲ ಸೌಲಭ್ಯವಿದೆ.

ದರಪಟ್ಟಿ ನೋಡುವಾಗ ಎರಡು ಅಂಶಗಳಿಗೆ ಗಮನ ಕೊಡಬೇಕು. ಸಹಾಯಧನದ ಲೆಕ್ಕಕ್ಕೆ ಫಲಕಗಳ ಒಟ್ಟು ಸಾಮರ್ಥ್ಯ ಮತ್ತು ಇನ್ವರ್ಟರ್ ಸಾಮರ್ಥ್ಯ, ಇವೆರಡರಲ್ಲಿ ಕಡಿಮೆಯಾದುದನ್ನು ಪರಿಗಣಿಸಲಾಗುತ್ತದೆ. 3 ಕಿಲೋವ್ಯಾಟ್ ಫಲಕಕ್ಕೆ 2 ಕಿಲೋವ್ಯಾಟ್ ಇನ್ವರ್ಟರ್ ಜೋಡಿಸಿದ್ದರೆ ದೊರೆಯುವುದು 2 ಕಿಲೋವ್ಯಾಟ್‌ನ ಸಹಾಯಧನ. ಎರಡನೆಯದಾಗಿ, ಫಲಕಗಳೂ ಅವುಗಳೊಳಗಿನ ಕೋಶಗಳೂ ಭಾರತದಲ್ಲಿಯೇ ತಯಾರಾದವುಗಳಾಗಿರಬೇಕು. ಹೊರದೇಶದ ಕೋಶಗಳ ಫಲಕ ಅಗ್ಗವಾಗಿ ಸಿಕ್ಕರೂ ಅದಕ್ಕೆ ಸಹಾಯಧನ ಬರುವುದಿಲ್ಲ. ಈ ಷರತ್ತನ್ನು ಪೂರೈಸುವ ಫಲಕಗಳನ್ನೇ ಒದಗಿಸುವುದಾಗಿ ದರಪಟ್ಟಿಯಲ್ಲಿ ಬರೆಸಿಕೊಳ್ಳತಕ್ಕದ್ದು.

ಅರ್ಜಿಯಿಂದ ಮಂಜೂರಾತಿಯವರೆಗೆ

ಅರ್ಜಿಯನ್ನು ಯೋಜನೆಯ ರಾಷ್ಟ್ರೀಯ ಜಾಲತಾಣದಲ್ಲಿ ಸಲ್ಲಿಸಬೇಕು. ರಾಜ್ಯ, ಸರಬರಾಜು ಕಂಪನಿ ಹಾಗೂ ಬಿಲ್ಲಿನಲ್ಲಿರುವ ಗ್ರಾಹಕ ಸಂಖ್ಯೆ ನಮೂದಿಸಿ ಮೊಬೈಲ್ ಮೂಲಕ ನೋಂದಾಯಿಸಿಕೊಳ್ಳಲಾಗುತ್ತದೆ. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಮತ್ತು ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ ಇವುಗಳಲ್ಲಿ ತಮ್ಮದು ಯಾವುದೆಂದು ಬಿಲ್ ನೋಡಿ ಖಚಿತಪಡಿಸಿಕೊಳ್ಳಬೇಕು. (ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘದ ಗ್ರಾಹಕರು ಮೊದಲು ಸಂಘದ ಕಚೇರಿಯಲ್ಲಿ ವಿಚಾರಿಸುವುದು.) ಜಾಲತಾಣದಲ್ಲಿ ನೋಂದಣಿ ಉಚಿತ. ಮನೆ ಬಾಗಿಲಿಗೆ ಬಂದು ನೋಂದಣಿ ಶುಲ್ಕವೆಂದು ನಗದು ಕೇಳುವವರಿಗೆ ಹಣವನ್ನಾಗಲಿ, ಮೊಬೈಲಿಗೆ ಬಂದ ಒ.ಟಿ.ಪಿ. ಸಂಖ್ಯೆಯನ್ನಾಗಲಿ ಕೊಡಬಾರದು.

ಹಿಂದೆ ಪ್ರತಿ ಅರ್ಜಿಗೂ ತಾಂತ್ರಿಕ ಸಾಧ್ಯತೆಯ ವರದಿಗಾಗಿ ಕಾಯಬೇಕಾಗಿತ್ತು. ವಿದ್ಯುತ್ (ಗ್ರಾಹಕರ ಹಕ್ಕುಗಳು) ತಿದ್ದುಪಡಿ ನಿಯಮಗಳು, 2024ರ ಪ್ರಕಾರ 10 ಕಿಲೋವ್ಯಾಟ್‌ವರೆಗಿನ ಘಟಕಗಳಿಗೆ ಈ ಅಧ್ಯಯನದ ಅಗತ್ಯವಿಲ್ಲ. ಅದಕ್ಕಿಂತ ದೊಡ್ಡ ಘಟಕಗಳಿಗೆ ಅಧ್ಯಯನದ ಅವಧಿಯನ್ನು 20 ದಿನಗಳಿಂದ 15 ದಿನಗಳಿಗೆ ಇಳಿಸಲಾಗಿದೆ. ಮನೆಯ ಮಂಜೂರಾದ ಹೊರೆಯು ಘಟಕದ ಸಾಮರ್ಥ್ಯಕ್ಕಿಂತ ಕಡಿಮೆಯಿದ್ದು ಅದನ್ನು ಹೆಚ್ಚಿಸಬೇಕಾಗಿ ಬಂದಲ್ಲಿ ಬಿಲ್ಲಿನ ನಿಗದಿತ ಶುಲ್ಕವೂ ಹೆಚ್ಚುತ್ತದೆ ಎಂಬುದನ್ನು ಅರ್ಜಿದಾರರು ಮುಂಚಿತವಾಗಿ ತಿಳಿದಿರಬೇಕು; ಈ ಶುಲ್ಕವನ್ನು ಹೊರೆಯ ಪ್ರತಿ ಕಿಲೋವ್ಯಾಟ್‌ಗೆ ಇಂತಿಷ್ಟು ಎಂದು ವಿಧಿಸಲಾಗುತ್ತದೆ.

ಏಜೆನ್ಸಿಯನ್ನು ಜಾಲತಾಣದಲ್ಲಿ ನೋಂದಾಯಿತರಾದವರ ಪಟ್ಟಿಯಿಂದಲೇ ಆಯ್ಕೆ ಮಾಡಬೇಕು. ಕನಿಷ್ಠ ಮೂವರಿಂದ ದರಪಟ್ಟಿ ಪಡೆದು, ಸಾಧ್ಯವಾದರೆ ಅವರು ಎರಡು ಮೂರು ಮಳೆಗಾಲಗಳ ಹಿಂದೆ ಅಳವಡಿಸಿದ ಒಂದು ಮನೆಯನ್ನು ಖುದ್ದಾಗಿ ನೋಡಿಬರುವುದು ಉಪಯುಕ್ತ. ಹೊಸ ಘಟಕಗಳೆಲ್ಲ ಚೆನ್ನಾಗಿಯೇ ಕಾಣುತ್ತವೆ. ಒಪ್ಪಂದದಲ್ಲಿ ಐದು ವರ್ಷಗಳ ನಿರ್ವಹಣೆಯ ಹೊಣೆ ಏಜೆನ್ಸಿಯದೆಂದು ನಮೂದಾಗಿರತಕ್ಕದ್ದು. ಹಣವನ್ನು ಕಂತುಗಳಲ್ಲಿ ಬ್ಯಾಂಕ್ ಮೂಲಕವೇ ಪಾವತಿಸಿ, ಕೊನೆಯ ಕಂತನ್ನು ಹೊಸ ಮೀಟರ್ ಅಳವಡಿಕೆಯಾಗಿ ಘಟಕ ಚಾಲನೆಗೊಳ್ಳುವವರೆಗೆ ಉಳಿಸಿಕೊಳ್ಳುವಂತೆ ಮೊದಲೇ ಮಾತನಾಡಿಕೊಳ್ಳುವುದು ಕ್ಷೇಮ.

ಕಾಮಗಾರಿಯ ದಿನಗಳು

ಮೊದಲ ದಿನ ಚೌಕಟ್ಟಿನ ಕೆಲಸ ನಡೆಯುತ್ತದೆ. ಸತುವಿನ ಲೇಪನವಿರುವ ಕಬ್ಬಿಣದ ಕಂಬಗಳನ್ನು ತಾರಸಿಯ ಮೇಲೆ ಕಾಂಕ್ರೀಟ್ ದಿಮ್ಮಿಗಳಲ್ಲಿ ನೆಡಲಾಗುತ್ತದೆ. ತಾರಸಿಗೆ ರಂಧ್ರ ಕೊರೆದು ಬೋಲ್ಟ್ ಹಾಕುವುದಾದರೆ ಪ್ರತಿ ರಂಧ್ರದ ಸುತ್ತ ನೀರು ಇಳಿಯದಂತೆ ಲೇಪನ ಮಾಡಿಸಿ, ಒಂದು ದಿನ ನೀರು ಕಟ್ಟಿ ನಿಲ್ಲಿಸಿ ಪರೀಕ್ಷಿಸಬೇಕು. ಸ್ಥಳದಲ್ಲಿ ಬೆಸುಗೆ ಹಾಕಿದ ಜಾಗಗಳಲ್ಲಿ ಲೇಪನ ಸುಟ್ಟುಹೋಗಿ ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲಿ ಇದು ಬೇಗ. ಮಳೆನೀರು ಹರಿಯುವ ದಾರಿಗೆ ದಿಮ್ಮಿಗಳು ಅಡ್ಡವಾಗದಂತೆಯೂ ನೋಡಿಕೊಳ್ಳಬೇಕು.

3 ಕಿಲೋವ್ಯಾಟ್ ಘಟಕಕ್ಕೆ ಸುಮಾರು 540 ವ್ಯಾಟ್‌ನ ಆರು ಫಲಕಗಳು ಬರುತ್ತವೆ. ಒಂದೊಂದೂ ಎರಡು ಮೀಟರ್‌ಗಿಂತ ಉದ್ದವಾಗಿ 25 ಕಿಲೋಗ್ರಾಂಗಿಂತ ಹೆಚ್ಚು ತೂಗುವುದರಿಂದ ಮೇಲೆ ಸಾಗಿಸಲು ಇಬ್ಬರು ಬೇಕು. ಕಿರಿದಾದ ಮೆಟ್ಟಿಲಿದ್ದಲ್ಲಿ ಹೊರಗಿನಿಂದ ಹಗ್ಗ ಕಟ್ಟಿ ಎತ್ತುತ್ತಾರೆ. ಆ ವೇಳೆ ಕೆಳಗೆ ಮಕ್ಕಳು ಸುಳಿಯದಂತೆ ಎಚ್ಚರಿಕೆ ವಹಿಸಬೇಕು. ಫಲಕಗಳನ್ನು ಕೂರಿಸುವ ಮುನ್ನವೇ ಅವುಗಳ ಕ್ರಮಸಂಖ್ಯೆಗಳನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ನಂತರ ಅವು ಕಣ್ಣಿಗೆ ಸಿಗದ ಜಾಗದಲ್ಲಿರುತ್ತವೆ, ಆದರೆ ಖಾತರಿ ಪತ್ರಕ್ಕೆ ಬೇಕಾಗುವುದು ಅವೇ ಸಂಖ್ಯೆಗಳು.

ಅಂಗಳದಲ್ಲಿ ಭೂಸಂಪರ್ಕಕ್ಕಾಗಿ ಗುಂಡಿ ತೋಡಲಾಗುತ್ತದೆ. ಫಲಕಗಳ ಏಕಮುಖ ವಿದ್ಯುತ್ ಭಾಗಕ್ಕೆ, ಪರ್ಯಾಯ ವಿದ್ಯುತ್ ಭಾಗಕ್ಕೆ ಮತ್ತು ಸಿಡಿಲು ನಿರೋಧಕಕ್ಕೆ ಪ್ರತ್ಯೇಕ ಅರ್ಥಿಂಗ್ ಮಾಡುವುದು ರೂಢಿಯಲ್ಲಿರುವ ಕ್ರಮ. ಜಾಗ ಕಡಿಮೆಯಿರುವ ನಗರದ ನಿವೇಶನಗಳಲ್ಲಿ ಮೂರನ್ನೂ ಒಂದೇ ಗುಂಡಿಗೆ ಸೇರಿಸುವ ಪ್ರಯತ್ನ ನಡೆಯುವುದುಂಟು. ಸಿಡಿಲಿನ ಪ್ರವಾಹ ಮನೆಯ ವೈರಿಂಗ್ ಕಡೆಗೆ ತಿರುಗುವ ಅಪಾಯವಿರುವುದರಿಂದ ಇದಕ್ಕೆ ಒಪ್ಪಬಾರದು. ಇನ್ವರ್ಟರನ್ನು ಬಿಸಿಲು, ಮಳೆ ತಾಗದ, ಗಾಳಿಯಾಡುವ ಗೋಡೆಯ ಮೇಲೆ ಕೂರಿಸಬೇಕು. ಹಗಲಿನಲ್ಲಿ ಅದು ಸಣ್ಣಗೆ ಸದ್ದು ಮಾಡುವುದರಿಂದ ಮಲಗುವ ಕೋಣೆ ಸೂಕ್ತವಲ್ಲ.

ಬೆಳಕು ಬೀಳುತ್ತಿರುವವರೆಗೆ ಫಲಕಗಳ ತಂತಿಯಲ್ಲಿ ವಿದ್ಯುತ್ ಇದ್ದೇ ಇರುತ್ತದೆ. ಮನೆಯ ಮುಖ್ಯ ಸ್ವಿಚ್ ಆರಿಸಿದ ಮಾತ್ರಕ್ಕೆ ತಾರಸಿಯಿಂದ ಇನ್ವರ್ಟರ್‌ವರೆಗಿನ ತಂತಿ ಸುರಕ್ಷಿತವಾಗುವುದಿಲ್ಲ. ಈ ಮಾತನ್ನು ಮನೆಯವರೆಲ್ಲರಿಗೂ, ಮುಂದೆ ಟ್ಯಾಂಕ್ ತೊಳೆಯಲು ಅಥವಾ ಕೇಬಲ್ ಎಳೆಯಲು ತಾರಸಿಗೆ ಹೋಗುವವರಿಗೂ ತಿಳಿಸಿರಬೇಕು.

ಮೀಟರ್ ಬದಲಾಗುವವರೆಗೆ

ಫಲಕಗಳು ಕುಳಿತ ದಿನವೇ ಘಟಕವನ್ನು ಚಾಲೂ ಮಾಡಿ ತೋರಿಸುವ ಉತ್ಸಾಹ ಏಜೆನ್ಸಿಯವರಲ್ಲಿಯೂ ಮನೆಯವರಲ್ಲಿಯೂ ಇರುವುದು ಸಹಜ. ಇದಕ್ಕೆ ಅವಕಾಶವಿಲ್ಲ. ಸರಬರಾಜು ಕಂಪನಿಯ ಅಧಿಕಾರಿಗಳು ಪರಿಶೀಲಿಸಿ, ಹೋಗುವ ಮತ್ತು ಬರುವ ವಿದ್ಯುತ್ತನ್ನು ಬೇರೆಬೇರೆಯಾಗಿ ಎಣಿಸುವ ದ್ವಿಮುಖ ಮೀಟರನ್ನು ಅಳವಡಿಸಿದ ಬಳಿಕವಷ್ಟೇ ಘಟಕವನ್ನು ಜಾಲಕ್ಕೆ ಜೋಡಿಸಬೇಕು. ನಿಯಮದ ಮಾತು ಹಾಗಿರಲಿ, ಗ್ರಾಹಕರಿಗೇ ಇದರಿಂದ ನಷ್ಟವಿದೆ. ಹಳೆಯ ಎಲೆಕ್ಟ್ರಾನಿಕ್ ಮೀಟರುಗಳಲ್ಲಿ ಹಲವು ವಿದ್ಯುತ್ ಯಾವ ದಿಕ್ಕಿಗೆ ಹರಿದರೂ ಅದನ್ನು ಬಳಕೆಯೆಂದೇ ಎಣಿಸುತ್ತವೆ. ಮನೆಯಿಂದ ಜಾಲಕ್ಕೆ ಕೊಟ್ಟ ಪ್ರತಿ ಯೂನಿಟ್ಟೂ ಬಿಲ್ಲಿಗೆ ಸೇರುತ್ತದೆ. ಸೌರ ಘಟಕ ಹಾಕಿಸಿದ ತಿಂಗಳು ಬಿಲ್ ಏರಿತೆಂಬ ದೂರುಗಳಲ್ಲಿ ಮೊದಲು ಪರಿಶೀಲಿಸಬೇಕಾದ ಕಾರಣ ಇದು. ಇದಲ್ಲದೆ, ಕಂಪನಿಯ ಗಮನಕ್ಕೆ ಬಾರದೆ ಜೋಡಿಸಿದ ಘಟಕವು ಮಾರ್ಗದಾಳುಗಳ ಜೀವಕ್ಕೂ ಅಪಾಯಕಾರಿ.

2024ರ ತಿದ್ದುಪಡಿ ನಿಯಮಗಳಂತೆ ಕಾಮಗಾರಿ ಪೂರ್ಣಗೊಂಡ ವರದಿ ಸಲ್ಲಿಸಿದ ಮೇಲೆ ಕಂಪನಿಯು ಘಟಕವನ್ನು ಚಾಲನೆಗೊಳಿಸಬೇಕಾದ ಅವಧಿಯನ್ನು 30 ದಿನಗಳಿಂದ 15 ದಿನಗಳಿಗೆ ಇಳಿಸಲಾಗಿದೆ. ವರದಿ ಸಲ್ಲಿಕೆಯಾದ ದಿನಾಂಕವನ್ನು ಗ್ರಾಹಕರು ಬರೆದಿಟ್ಟುಕೊಳ್ಳಬೇಕು. ಅದನ್ನು ಸಲ್ಲಿಸುವುದು ಏಜೆನ್ಸಿಯ ಕೆಲಸ. ಸಲ್ಲಿಕೆಯೇ ಆಗಿರದಿದ್ದರೆ ಉಪವಿಭಾಗ ಕಚೇರಿಗೆ ಎಷ್ಟು ಸಲ ಅಲೆದರೂ ಪ್ರಯೋಜನವಾಗುವುದಿಲ್ಲ. ಚಾಲನೆಯ ನಂತರ ಜಾಲತಾಣದಲ್ಲಿ ಬ್ಯಾಂಕ್ ಖಾತೆಯ ವಿವರ ನೀಡಿದಾಗ ಸಹಾಯಧನದ ಪ್ರಕ್ರಿಯೆ ಮುಂದುವರಿಯುತ್ತದೆ.

ಕರೆಂಟು ಹೋದಾಗ

ಜಾಲ ಸಂಪರ್ಕಿತ ಘಟಕವು ಜಾಲದಲ್ಲಿ ವಿದ್ಯುತ್ ಇಲ್ಲದಿರುವಾಗ ಕೆಲಸ ಮಾಡುವುದಿಲ್ಲ. ಮಧ್ಯಾಹ್ನ ಹನ್ನೆರಡರ ಬಿಸಿಲಿದ್ದರೂ, ತಾರಸಿಯ ಮೇಲೆ 5 ಕಿಲೋವ್ಯಾಟ್ ಫಲಕಗಳಿದ್ದರೂ, ಕರೆಂಟು ಹೋದ ಕ್ಷಣ ಮನೆಯ ಫ್ಯಾನು ನಿಲ್ಲುತ್ತದೆ. ಇದು ದೋಷವಲ್ಲ. ವಿದ್ಯುತ್ ಕಡಿತ ಮಾಡಿ ಕಂಬ ಹತ್ತಿದ ಮಾರ್ಗದಾಳುವಿಗೆ ಯಾವುದೋ ಮನೆಯ ತಾರಸಿಯಿಂದ ಹರಿದ ವಿದ್ಯುತ್ ತಗುಲದಿರಲೆಂದು ಇನ್ವರ್ಟರ್ ತಾನಾಗಿಯೇ ಸ್ಥಗಿತವಾಗುವಂತೆ ರಚಿಸಲಾಗಿರುತ್ತದೆ.

ಮನೆಯಲ್ಲಿ ಈಗಾಗಲೇ ಇರುವ ಯು.ಪಿ.ಎಸ್. ಎಂದಿನಂತೆ ಕೆಲಸ ಮಾಡುತ್ತದೆ, ಅದನ್ನು ಮಾರಿಬಿಡಬಾರದು. ಕಡಿತದ ವೇಳೆಯೂ ಸೌರ ವಿದ್ಯುತ್ ಬೇಕೆನ್ನುವವರು ಬ್ಯಾಟರಿಯೊಂದಿಗೆ ಕೆಲಸ ಮಾಡುವ ಹೈಬ್ರಿಡ್ ಇನ್ವರ್ಟರ್ ಹಾಕಿಸಬಹುದು. ಬ್ಯಾಟರಿಗೆ ಪ್ರತ್ಯೇಕ ಸಹಾಯಧನವಿಲ್ಲ, ವೆಚ್ಚವೂ ಗಣನೀಯವಾಗಿ ಏರುತ್ತದೆ. ದಿನಕ್ಕೆ ಒಂದೆರಡು ಗಂಟೆ ಕಡಿತವಿರುವ ಪಟ್ಟಣದ ಮನೆಗೆ ಇದು ಅನಗತ್ಯವೆನ್ನಬಹುದು. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲದ ಮಲೆನಾಡಿನ ಒಂಟಿಮನೆಗಳ ವಿಚಾರ ಬೇರೆ. ಆದರೆ ಅಂಥ ದಿನಗಳಲ್ಲಿ ಬಿಸಿಲೂ ಅಪರೂಪವೆಂಬುದನ್ನು ನೆನಪಿಡಬೇಕು.

ಮೊದಲ ಬಿಲ್ಲನ್ನು ಓದುವ ಬಗೆ

ದ್ವಿಮುಖ ಮೀಟರ್ ಬಂದ ಮೇಲಿನ ಬಿಲ್ಲಿನಲ್ಲಿ ಜಾಲದಿಂದ ಪಡೆದ ಯೂನಿಟ್ ಮತ್ತು ಜಾಲಕ್ಕೆ ನೀಡಿದ ಯೂನಿಟ್ ಎಂದು ಎರಡು ಅಂಕಿಗಳಿರುತ್ತವೆ. ಉದಾಹರಣೆಗೆ, 2 ಕಿಲೋವ್ಯಾಟ್ ಘಟಕವುಳ್ಳ ಮನೆಯೊಂದರಲ್ಲಿ ಒಂದು ತಿಂಗಳು 240 ಯೂನಿಟ್ ಉತ್ಪಾದನೆಯಾಯಿತೆಂದು ಭಾವಿಸೋಣ. ಅದರಲ್ಲಿ 90 ಯೂನಿಟ್ ಹಗಲಿನಲ್ಲಿ ಮನೆಯೊಳಗೇ ಖರ್ಚಾಗಿ, 150 ಯೂನಿಟ್ ಜಾಲಕ್ಕೆ ಹೋಯಿತು. ರಾತ್ರಿ ಮತ್ತು ಮೋಡದ ವೇಳೆ ಜಾಲದಿಂದ 190 ಯೂನಿಟ್ ಪಡೆಯಲಾಯಿತು. ಆಗ ಬಿಲ್ ಬರುವುದು 190ರಲ್ಲಿ 150 ಕಳೆದು ಉಳಿದ 40 ಯೂನಿಟ್‌ಗೆ. ಇನ್ವರ್ಟರ್ 240 ಎಂದು ತೋರಿಸುತ್ತಿರುವಾಗ ಬಿಲ್ಲಿನಲ್ಲಿ 150 ಮಾತ್ರ ಇರುವುದನ್ನು ಕಂಡು, 90 ಯೂನಿಟ್ ಕಳೆದುಹೋಯಿತೆಂದು ದೂರು ಬರೆಯುವವರಿದ್ದಾರೆ. ಆ 90 ಯೂನಿಟ್ ಮೀಟರಿನ ಬಳಿಗೆ ಹೋಗದೆ ಮನೆಯಲ್ಲಿಯೇ ಬಳಕೆಯಾಗಿರುತ್ತದೆ. ಈ ಮನೆಯ ನಿಜವಾದ ಬಳಕೆ 280 ಯೂನಿಟ್.

ಜಾಲದಿಂದ ಪಡೆದುದಕ್ಕಿಂತ ನೀಡಿದ್ದು ಹೆಚ್ಚಾದ ತಿಂಗಳು, ಹೆಚ್ಚುವರಿ ಯೂನಿಟ್‌ಗಳಿಗೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ನಿಗದಿಪಡಿಸಿದ ದರದಂತೆ ಒಪ್ಪಂದದ ಪ್ರಕಾರ ಹಣ ಲೆಕ್ಕವಾಗುತ್ತದೆ. ಈ ದರವು ಗ್ರಾಹಕರು ವಿದ್ಯುತ್ ಕೊಳ್ಳುವ ದರಕ್ಕಿಂತ ಕಡಿಮೆ; ಸಹಾಯಧನ ಪಡೆದ ಘಟಕಗಳಿಗೆ ಇನ್ನೂ ಕಡಿಮೆ. 2013ರ ಅಕ್ಟೋಬರ್‌ನಲ್ಲಿ ಆಯೋಗವು ಸಹಾಯಧನವಿಲ್ಲದ ಘಟಕಗಳಿಗೆ ಯೂನಿಟ್‌ಗೆ ರೂ. 9.56, ಸಹಾಯಧನ ಪಡೆದವುಗಳಿಗೆ ರೂ. 7.20 ದರ ನಿಗದಿಪಡಿಸಿತ್ತು. ಫಲಕಗಳು ಬಹಳ ದುಬಾರಿಯಾಗಿದ್ದ ಕಾಲವದು. ಆಗ 25 ವರ್ಷಗಳ ಒಪ್ಪಂದ ಮಾಡಿಕೊಂಡ ನೆರೆಹೊರೆಯವರ ಆದಾಯವನ್ನು ಕೇಳಿ ಈಗಿನ ಅರ್ಜಿದಾರರು ಲೆಕ್ಕ ಹಾಕಬಾರದು. ತಮ್ಮ ಒಪ್ಪಂದಕ್ಕೆ ಅನ್ವಯಿಸುವ ದರವನ್ನು ಸಹಿ ಮಾಡುವ ಮುನ್ನ ಓದಿಕೊಳ್ಳತಕ್ಕದ್ದು.

ಬಳಕೆಯ ಯೂನಿಟ್ ಶೂನ್ಯವಾದರೂ ನಿಗದಿತ ಶುಲ್ಕ ಬರುತ್ತಲೇ ಇರುತ್ತದೆ. 'ಬಿಲ್ಲೇ ಇರುವುದಿಲ್ಲ' ಎಂಬ ಏಜೆನ್ಸಿಯ ಮಾತಿಗೆ ಈ ಮಟ್ಟಿಗೆ ತಿದ್ದುಪಡಿ ಅಗತ್ಯ.

ನಿರ್ವಹಣೆ

ಧೂಳು ಹೆಚ್ಚಿರುವ ಊರುಗಳಲ್ಲಿ ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ, ಉಳಿದೆಡೆ ತಿಂಗಳಿಗೊಮ್ಮೆ ಫಲಕಗಳನ್ನು ತೊಳೆದರೆ ಸಾಕು. ಬೆಳಿಗ್ಗೆ ಫಲಕಗಳು ತಣ್ಣಗಿರುವಾಗ ಬರಿಯ ನೀರು ಮತ್ತು ಮೆತ್ತನೆಯ ಬಟ್ಟೆ ಉಪಯೋಗಿಸಬೇಕು. ಕಾದ ಗಾಜಿನ ಮೇಲೆ ತಣ್ಣೀರು ಸುರಿಯಬಾರದು, ಸೋಪಿನ ಪುಡಿ ಬಳಸಬಾರದು, ಫಲಕದ ಮೇಲೆ ಕಾಲಿಡಬಾರದು. ಕೊಳವೆಬಾವಿಯ ಗಡಸು ನೀರು ಒಣಗಿದಾಗ ಬಿಳಿಯ ಕಲೆ ಉಳಿಯುವುದರಿಂದ ತೊಳೆದ ಕೂಡಲೇ ಒರೆಸಬೇಕು. ಇನ್ವರ್ಟರಿನ ಅಂಕಿಯನ್ನು ತಿಂಗಳ ಒಂದೇ ದಿನಾಂಕದಂದು ಕ್ಯಾಲೆಂಡರ್ ಮೇಲೆ ಬರೆದಿಡುವ ಅಭ್ಯಾಸವಿದ್ದರೆ, ಹಿಂದಿನ ವರ್ಷದ ಅದೇ ತಿಂಗಳಿಗೆ ಹೋಲಿಸಿ ದೋಷವನ್ನು ಬೇಗ ಗುರುತಿಸಬಹುದು. ಮೊಬೈಲಿನಲ್ಲಿ ಉತ್ಪಾದನೆ ನೋಡುವ ವ್ಯವಸ್ಥೆಯಿದ್ದರೆ ಅದರ ಪಾಸ್‌ವರ್ಡ್ ಏಜೆನ್ಸಿಯ ಬಳಿಯಲ್ಲದೆ ಗ್ರಾಹಕರ ಬಳಿಯಿರಬೇಕು.

ದೂರುಗಳು

ಮೀಟರ್, ಬಿಲ್ಲು ಮತ್ತು ಚಾಲನೆಯ ವಿಳಂಬಕ್ಕೆ ಸಂಬಂಧಿಸಿದ ದೂರುಗಳನ್ನು ಉಪವಿಭಾಗದ ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ್ (ವಿದ್ಯುತ್) ಅವರಿಗೆ ಲಿಖಿತವಾಗಿ ನೀಡಿ ಸ್ವೀಕೃತಿ ಪಡೆಯಬೇಕು. ಸಹಾಯವಾಣಿ 1912ಕ್ಕೆ ಕರೆ ಮಾಡಿದವರು ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು. ಅಲ್ಲಿ ಪರಿಹಾರ ದೊರೆಯದಿದ್ದಲ್ಲಿ ಕಂಪನಿಯ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ, ಅದರ ಆದೇಶವೂ ಸಮಾಧಾನ ತರದಿದ್ದರೆ ವಿದ್ಯುತ್ ಓಂಬುಡ್ಸ್‌ಮನ್ ಅವರಿಗೆ ಮನವಿ ಸಲ್ಲಿಸಬಹುದು. ಏಜೆನ್ಸಿಯ ಕಳಪೆ ಕಾಮಗಾರಿ ಅಥವಾ ಐದು ವರ್ಷಗಳ ನಿರ್ವಹಣೆಯ ನಿರಾಕರಣೆಯ ಬಗ್ಗೆ ಯೋಜನೆಯ ಜಾಲತಾಣದಲ್ಲಿ ಅರ್ಜಿಯ ಸಂಖ್ಯೆ ನಮೂದಿಸಿ ದೂರು ದಾಖಲಿಸತಕ್ಕದ್ದು. ಒಪ್ಪಂದದ ಪ್ರತಿ, ಪಾವತಿಯ ರಸೀದಿಗಳು, ಖಾತರಿ ಪತ್ರಗಳು ಮತ್ತು ಫಲಕಗಳ ಕ್ರಮಸಂಖ್ಯೆಗಳ ಪಟ್ಟಿ ಆಗ ಬೇಕಾಗುತ್ತವೆ.